ಎಫೆಸಕ್ಕೆ ಎರಡು ಗಂಟೆ ಸಾಲದು

ಮಾನ್ಯರೆ,

ಟರ್ಕಿಗೆ ಹೋಗುವ ನಮ್ಮ ಕಡೆಯ ಕ್ರೈಸ್ತರಿಗೂ ಅವರನ್ನು ಕರೆದೊಯ್ಯುವ ಟೂರಿನವರಿಗೂ ಒಂದು ಮಾತು ಹೇಳಬೇಕಿದೆ. ಅಲ್ಲಿನ ಪ್ರಾಚೀನ ಪಟ್ಟಣ ಎಫೆಸಕ್ಕೆ ಒಂದು ಇಡೀ ದಿನ ಇಡಿ. ಸಾಧ್ಯವಾದರೆ ಭಾನುವಾರವೇ ಇಡಿ.

ನಾವು ಹೋದದ್ದು ಭಾನುವಾರ. ಬೆಳಿಗ್ಗೆ ಸೆಲ್ಚುಕ್ ಊರಿನ ಪಕ್ಕದ ಬೆಟ್ಟದ ಮೇಲೆ, ಮಾತೆ ಮರಿಯಮ್ಮನವರ ಮನೆಯೆಂದು ನಂಬುವ ಪುಟ್ಟ ಕಲ್ಲಿನ ಕಟ್ಟಡದ ಬಳಿ ಬಲಿಪೂಜೆ (ಮಾಸ್). ಜನ ಜಾಸ್ತಿ ಇದ್ದರು, ಪೂಜೆ ಮರಗಳ ಕೆಳಗೇ ನಡೆಯಿತು. ತಲೆಗೆ ಬಟ್ಟೆ ಕಟ್ಟಿದ ಮುಸ್ಲಿಂ ಹೆಂಗಸರೂ ಸಾಲಿನಲ್ಲಿ ನಿಂತು ಒಳಗೆ ಹೋಗಿ ಬರುತ್ತಿದ್ದರು. ಮರಿಯಮ್ಮನವರು ಅವರಿಗೂ ಪೂಜ್ಯರು. ಕೆಳಗಿನ ಗೋಡೆಯ ತುಂಬ ಹರಕೆಯ ಚೀಟಿ, ಬಟ್ಟೆ ಚೂರು.

ಆಮೇಲೆ ಹಳೆಯ ಪಟ್ಟಣ. ಸೆಲ್ಸಸ್ ಗ್ರಂಥಾಲಯದ ಮುಂದೆ ಫೋಟೊಗೆ ಬೇಕಾದಷ್ಟು ಸಮಯ ಸಿಕ್ಕಿತು. ಸುಮಾರು 25,000 ಜನ ಕೂರುವ ರಂಗಮಂದಿರದ ಮೆಟ್ಟಿಲ ಮೇಲೆ ಕೂತು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯ ಓದಿದೆವು. ಸಂತ ಪೌಲರ ಬೋಧನೆಯಿಂದ ವ್ಯಾಪಾರ ಕೆಟ್ಟಿತೆಂದು, ಅರ್ತೆಮಿ ದೇವಿಯ ಪುಟ್ಟ ಬೆಳ್ಳಿ ಗುಡಿಗಳನ್ನು ಮಾಡಿಸುವ ದೆಮೇತ್ರಿಯ ಜನರನ್ನು ಎಬ್ಬಿಸಿದಾಗ, ಅವರೆಲ್ಲ ನುಗ್ಗಿ ಬಂದು ಕೂಗಾಡಿದ್ದು ಇಲ್ಲಿಯೇ. ಓದುತ್ತಾ ಓದುತ್ತಾ ಮೈ ಜುಮ್ಮೆಂದಿತು.

ಬೇಸರವಾದದ್ದು ಮುಂದೆ. ಕೆಳಗಿನ ಗೇಟಿನ ಹತ್ತಿರವೇ ಮಾತೆ ಮರಿಯಮ್ಮನವರ ಹಳೆಯ ಚರ್ಚಿನ ಗೋಡೆಗಳು ನಿಂತಿವೆ. ಕ್ರಿ.ಶ. 431ರಲ್ಲಿ ಧರ್ಮಾಧ್ಯಕ್ಷರು (ಬಿಷಪ್ಪರು) ಮಹಾಸಭೆ ಸೇರಿ, ಮರಿಯಮ್ಮನವರು ದೇವಮಾತೆ ಎಂದು ಒಪ್ಪಿದ ಜಾಗ ಅದು. ಸಂಜೆ ಮನೆಯಲ್ಲಿ ಮರಿಯಮ್ಮನವರ ಜಪಸರ ಹೇಳುವ ನಮಗೆ ಇದಕ್ಕಿಂತ ಹತ್ತಿರದ ಜಾಗ ಬೇರೆ ಇದೆಯಾ? ನಮ್ಮ ಗೈಡ್ ಅದರ ಹೆಸರನ್ನೇ ಎತ್ತಲಿಲ್ಲ. ನಾವೇ ಕೇಳಿ, ಹಟ ಮಾಡಿ ಹೋದೆವು. ಅಲ್ಲಿ ಬೇರೆ ಒಬ್ಬರೂ ಇರಲಿಲ್ಲ. ದೀಕ್ಷಾಸ್ನಾನದ ಕೋಣೆ ಇನ್ನೂ ಗುರುತು ಸಿಗುವ ಹಾಗಿದೆ. ನೆಲದಲ್ಲೇ ಕೊಳ, ಇಳಿಯಲು ಮೆಟ್ಟಿಲು. ನಾವೀಗ ಕೂಸಿನ ಹಣೆಗೆ ನೀರು ಹೊಯ್ಯುತ್ತೇವೆ. ಅಂದು ದೊಡ್ಡವರೇ ಆ ಮೆಟ್ಟಿಲಿಳಿದು ನೀರಿಗೆ ಹೋಗುತ್ತಿದ್ದರು. ಸರಿಯಾಗಿ ನೋಡುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಚರ್ಮದ ಜಾಕೆಟ್ ಅಂಗಡಿಗೆ ಮಾತ್ರ ಮುಕ್ಕಾಲು ಗಂಟೆ ಇಟ್ಟಿದ್ದರು! ಅದರಲ್ಲಿ ಅರ್ಧವನ್ನಾದರೂ ಈ ಚರ್ಚಿಗೆ ಕೊಡಬಹುದಿತ್ತು, ಅಲ್ವಾ? ಯಾತ್ರಿಕರ ಜೊತೆ ಹೋಗುವ ಫಾದರ್‌ಗಳು ಟಿಕೆಟ್ ಬುಕ್ ಮಾಡುವ ಮೊದಲೇ ಇದನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಬರೆಸಲಿ. ಅಯಾಸುಲುಕ್ ಗುಡ್ಡದ ಮೇಲಿನ ಸಂತ ಯೊವಾನ್ನರ ಬೆಸಿಲಿಕಾದ ಅವಶೇಷವನ್ನೂ ಸೇರಿಸಲಿ. ಅದೂ ಸೆಲ್ಚುಕ್‌ನಲ್ಲೇ ಇದೆ.

– ನಿಮ್ಮ ಓದುಗ, ಮೈಸೂರು