ಫಿಲ್ಬಿಂಗರ್ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಲೇಖನ ಓದಿದೆ. ಜರ್ಮನಿಯ ರಾಜಕಾರಣಿ ಹಾನ್ಸ್ ಫಿಲ್ಬಿಂಗರ್ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಹೊರಟಿದ್ದೀಯಲ್ಲ, ಖುಷಿಯಾಯ್ತು. ಆದರೆ ಮೊದಲ ಸಾಲಿನಲ್ಲೇ ‘ಕ್ರೂರಿ’ ಅಂದುಬಿಟ್ಟೆ. ತೀರ್ಪು ನೀನೇ ಕೊಟ್ಟ ಮೇಲೆ ಓದುಗ ಮುಂದೆ ಯಾಕೆ ಓದಬೇಕು?

ಮೊದಲು ಆ ಮನುಷ್ಯನ ಎತ್ತರ ಕಾಣಿಸು. 1966ರಿಂದ 12 ವರ್ಷ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಆಳಿದವನು, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಆತನ ಕಾಲದಲ್ಲೇ 63 ಗ್ರಾಮಾಂತರ ಜಿಲ್ಲೆಗಳನ್ನು ಕೂಡಿಸಿ 35 ಮಾಡಿದರು. 1976ರ ರಾಜ್ಯ ಚುನಾವಣೆಯಲ್ಲಿ ಆತನ ಪಕ್ಷಕ್ಕೆ ಶೇ. 56.7 ಮತ ಬಂತು. ಜನ ಮೆಚ್ಚಿದ್ದರು, ಅದನ್ನು ಮುಚ್ಚಿಡಬೇಡ. ವೀಲ್ ಊರಿನ ಕಥೆಯನ್ನೂ ಸೇರಿಸು. 1975ರಲ್ಲಿ ದ್ರಾಕ್ಷಿ ಬೆಳೆಗಾರರು ಅಣುಸ್ಥಾವರದ ಜಾಗಕ್ಕೇ ನುಗ್ಗಿ ಕೂತರು. ಸ್ಥಾವರ ಬರದಿದ್ದರೆ ದಶಕದ ಕೊನೆಗೆ ರಾಜ್ಯದಲ್ಲಿ ದೀಪಗಳು ಆರುತ್ತವೆ ಎಂದು ಈತ ಹೆದರಿಸಿದ. ಸ್ಥಾವರ ಬರಲೇ ಇಲ್ಲ, ದೀಪವೂ ಆರಲಿಲ್ಲ. ಇಂಥ ಮಜಾ ಪ್ರಸಂಗ ಹೇಗೆ ಬಿಟ್ಟೆಯೋ!

ಈಗ ಮುಖ್ಯ ವಿಷಯ. ಎರಡನೇ ಮಹಾಯುದ್ಧದಲ್ಲಿ ಫಿಲ್ಬಿಂಗರ್ ಹಿಟ್ಲರನ ನೌಕಾಪಡೆಯ ಕೋರ್ಟಿನಲ್ಲಿದ್ದ, ಒಮ್ಮೆ ಪ್ರಾಸಿಕ್ಯೂಟರ್, ಒಮ್ಮೆ ನ್ಯಾಯಾಧೀಶ. ‘ಒಬ್ಬ ನಾವಿಕನಿಗೆ ಮರಣದಂಡನೆಯಾಯಿತು’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀಯ. ಆ ನಾವಿಕನಿಗೆ ಹೆಸರಿದೆ, ವಾಲ್ಟರ್ ಗ್ರೋಗರ್. ವಯಸ್ಸು 22. ನಾರ್ವೆಯಲ್ಲಿದ್ದಾಗ ಪಡೆ ಬಿಟ್ಟು ಸ್ವೀಡನ್‌ಗೆ ಓಡಿಹೋಗಲು ಹೊರಟಿದ್ದ. ಮೊದಲು ಕೊಟ್ಟ ಶಿಕ್ಷೆ ಎಂಟು ವರ್ಷ ಜೈಲು. ಮೇಲಿನವರಿಗೆ ಅದು ಸಾಲಲಿಲ್ಲ, ಪ್ರಾಣವೇ ಬೇಕಿತ್ತು. ಮತ್ತೆ ವಿಚಾರಣೆ ನಡೆದಾಗ ಪ್ರಾಸಿಕ್ಯೂಟರ್ ಆಗಿ ನಿಂತು ಮರಣದಂಡನೆ ಕೇಳಿದವನು ಫಿಲ್ಬಿಂಗರ್. 1945ರ ಮಾರ್ಚ್ 16ರಂದು ಹುಡುಗನನ್ನು ಗುಂಡಿಟ್ಟು ಕೊಂದರು. ಫಿಲ್ಬಿಂಗರ್ ಅಲ್ಲೇ ಇದ್ದ. ಯುದ್ಧ ಮುಗಿಯೋಕೆ ಎರಡು ತಿಂಗಳೂ ಉಳಿದಿರಲಿಲ್ಲ. ಒತ್ತಡ ಮೇಲಿನಿಂದ ಬಂದದ್ದನ್ನೂ ಬರೆ, ಆತ ಅಲ್ಲಿ ನಿಂತಿದ್ದನ್ನೂ ಬರೆ. ಈ ಭಾಗಕ್ಕೆ ಎರಡು ಪುಟ ಕೊಟ್ಟರೂ ಜಾಸ್ತಿಯಲ್ಲ.

1978ರ ಫೆಬ್ರವರಿಯಲ್ಲಿ ನಾಟಕಕಾರ ರೋಲ್ಫ್ ಹೋಖ್‌ಹೂತ್ ಪತ್ರಿಕೆಯಲ್ಲಿ ಫಿಲ್ಬಿಂಗರನ ಯುದ್ಧಕಾಲದ ನಡತೆಯನ್ನು ಎತ್ತಿದ. ಫಿಲ್ಬಿಂಗರ್ ಕೋರ್ಟಿಗೆ ಹೋದ. ನ್ಯಾಯಾಧೀಶನಾಗಿ ತಾನು ಒಂದೂ ಮರಣದಂಡನೆ ವಿಧಿಸಿಲ್ಲ ಅಂದ. ಆಮೇಲೆ ಕಡತಗಳಿಂದ ಆತನೇ ಕೊಟ್ಟ ಮರಣದಂಡನೆಯ ತೀರ್ಪುಗಳು ಹೊರಬಂದವು. ನೆನಪಿರಲಿಲ್ಲ ಅಂದ. ಅಲ್ಲಿಗೆ ಸ್ವಂತ ಪಕ್ಷದವರೇ ಕೈಬಿಟ್ಟರು, ಆಗಸ್ಟ್ 7ಕ್ಕೆ ರಾಜೀನಾಮೆ. ಪ್ರಾಣ ತೆಗೆಸಿದ ಕಾಗದವನ್ನೂ ಮರೆಯಬಹುದಾ? ಈ ಪ್ರಶ್ನೆ ಓದುಗನಿಗೇ ಏಳಬೇಕು, ನೀನು ಕೇಳಬೇಡ.

‘ಅಂದು ಕಾನೂನಾಗಿದ್ದದ್ದು ಇಂದು ಅನ್ಯಾಯವಾಗಲಾರದು’ ಅನ್ನೋ ಫಿಲ್ಬಿಂಗರನ ಮಾತನ್ನು ಎತ್ತಿ ಹಾಕಿದ್ದೀಯ. ಅದು ಜರ್ಮನ್ ವಾರಪತ್ರಿಕೆ ಡೆರ್ ಸ್ಪೀಗೆಲ್‌ನಲ್ಲಿ ಬಂದದ್ದು. ತನ್ನ ಮಾತನ್ನು ತಿರುಚಿದ್ದಾರೆ ಎಂದು ಆತ ಕೊನೆವರೆಗೂ ವಾದಿಸಿದ. ಅದನ್ನೂ ಪಕ್ಕದಲ್ಲೇ ಬರೆ. ಇಲ್ಲದಿದ್ದರೆ ಸುಮ್ನೆ ಏಕಪಕ್ಷೀಯ ಅನ್ನಿಸಿಕೊಳ್ಳುತ್ತೀಯ.

ರಾಜೀನಾಮೆಗೆ ಕಥೆ ನಿಲ್ಲಿಸಬೇಡ. 2002ರಲ್ಲಿ ಜರ್ಮನಿಯ ಸಂಸತ್ತು ಸೇನೆ ಬಿಟ್ಟು ಓಡಿದವರ ಮೇಲಿನ ನಾಜಿ ಕಾಲದ ತೀರ್ಪುಗಳನ್ನು ರದ್ದು ಮಾಡಿತು. ಫಿಲ್ಬಿಂಗರ್ ಆಗ ಬದುಕಿದ್ದ. 2007ರಲ್ಲಿ ಸತ್ತಾಗ ಅಂದಿನ ಮುಖ್ಯಮಂತ್ರಿ ಓಟಿಂಗರ್, ಈತ ನಾಜಿಗಳ ವಿರೋಧಿಯಾಗಿದ್ದ ಎಂದು ಶವಸಂಸ್ಕಾರದಲ್ಲಿ ಹೊಗಳಿದ. ಗಲಾಟೆಯಾಯ್ತು, ಆಗ ದೇಶದ ಚಾನ್ಸಲರ್ ಆಗಿದ್ದ ಮರ್ಕೆಲ್ ಕೂಡ ಆಕ್ಷೇಪಿಸಿದರು, ಓಟಿಂಗರ್ ಮಾತು ವಾಪಸ್ ತೆಗೆದುಕೊಂಡ.

ತಿದ್ದಿದ ಪ್ರತಿ ಕಳಿಸು. ಗ್ರೋಗರ್ ಭಾಗವನ್ನೇ ಮೊದಲು ಓದುತ್ತೇನೆ.