ಅಜ್ಜಿ ಧಾರಾವಾಹಿ ಬಿಟ್ಟರೆಂದು ಗಾಬರಿ ಬೇಡ

ಮ್ಯಾಂಚೆಸ್ಟರ್,
ಭಾನುವಾರ

ತೀರ್ಥರೂಪು ಅಪ್ಪನವರಿಗೆ ಮಗಳು ಸುಮಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಅಮ್ಮನ ಮಂಡಿನೋವು, ರವಿಯ ಪರೀಕ್ಷೆ, ಲಕ್ಷ್ಮಕ್ಕನ ಗೃಹಪ್ರವೇಶ, ಎಲ್ಲ ವಿಷಯವೂ ತಿಳಿಯಿತು. ನಾನು ಕ್ಷೇಮವಾಗಿದ್ದೇನೆ; ಚಳಿಯೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ, ಅಜ್ಜಿ ದೀಪಾವಳಿಯಿಂದೀಚೆಗೆ ಎಂಟು ಗಂಟೆಯ ಧಾರಾವಾಹಿ ನೋಡುತ್ತಿಲ್ಲವೆಂದೂ, ಟಿ.ವಿ. ಹಾಕಿದ ಕೂಡಲೇ ಎದ್ದು ಜಗಲಿಗೆ ಹೋಗಿ ಕೂರುತ್ತಾರೆಂದೂ, ಇದು ಅರಳು ಮರಳಿನ ಮೊದಲ ಲಕ್ಷಣವೆಂದು ಶಿವಣ್ಣ ಮಾವ ಹೇಳಿದರೆಂದೂ ಬರೆದಿದ್ದೀರಿ. ಇದಕ್ಕೆ ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕದೆ ಮಾತಾಡುವವರಲ್ಲ, ಅಜ್ಜಿಯ ಕಿವಿಯೂ ಸಾಮಾನ್ಯದ್ದಲ್ಲ. ಅದಕ್ಕಾಗಿ ಬರೆದು ರವಿಯ ಮೊಬೈಲಿಗೆ ಕಳಿಸುತ್ತಿದ್ದೇನೆ. ದಯವಿಟ್ಟು ಅವರ ಮುಂದೆ ಗಟ್ಟಿಯಾಗಿ ಓದಬೇಡಿ.

ಮೊದಲನೆಯದಾಗಿ, ಅಜ್ಜಿಯಂಥ ನೋಡುಗರು ಧಾರಾವಾಹಿ ಬಿಟ್ಟರೆ ತಪ್ಪು ಅವರ ತಲೆಯಲ್ಲೇ ಇರಬೇಕೆಂದು ಯಾಕೆ ತಿಳಿಯಬೇಕು? 1998ರ ಸುಮಾರಿಗೆ ಚಂದನದಲ್ಲಿ ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬರುತ್ತಿದ್ದಾಗ ಮಂಡ್ಯದ ಗುತ್ತಲಿನ ನಮ್ಮ ಬೀದಿಯ ಹೆಂಗಸರೆಲ್ಲ ನಮ್ಮ ಮನೆಗೇ ಬರುತ್ತಿದ್ದರೆಂದು ನೀವೇ ಹೇಳಿದ್ದೀರಿ. ಆಮೇಲೆ ‘ಮುಕ್ತ’ದಲ್ಲಿ ಸಿ.ಎಸ್.ಪಿ. ವಕೀಲರು ಕೋರ್ಟಿನಲ್ಲಿ ಪಾಟೀಸವಾಲಿಗೆ ನಿಂತರೆ ಮನೆಯಲ್ಲಿ ಕುಕ್ಕರ್ ಕೂಗುವಂತಿರಲಿಲ್ಲ, ನೀವು ಲೆಕ್ಕದ ಪುಸ್ತಕ ತೆಗೆಯುವಂತಿರಲಿಲ್ಲ. ಅಕ್ಷರ ಓದಲು ಬಾರದ ಅಜ್ಜಿ ಕಕ್ಷಿದಾರ ಎಲ್ಲಿ ಸುಳ್ಳು ಹೇಳಿದನೆಂಬುದನ್ನು ಮರುದಿನ ಬೀದಿ ನಲ್ಲಿಯ ಹತ್ತಿರ ಬಿಡಿಸಿ ಹೇಳುತ್ತಿದ್ದರು. ಅಂಥವರು ಈ ಎಂಟು ಗಂಟೆಯದನ್ನು ಇಷ್ಟು ವರ್ಷ ಸಹಿಸಿಕೊಂಡದ್ದೇ ಹೆಚ್ಚು.

ಅದು ಶುರುವಾದಾಗ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ನಡುವಿನ ಮಗಳು ಗಾರ್ಮೆಂಟ್ಸ್ ಕೆಲಸಕ್ಕೆಂದು ಬೆಳಗಿನ ಜಾವದ ಬಸ್ಸು ಹತ್ತುವ ಸಂಚಿಕೆಯನ್ನು ನಾನು ಇಲ್ಲಿ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ನೋಡಿ ಕಣ್ಣೊರೆಸಿಕೊಂಡಿದ್ದೇನೆ; ಅಲ್ಲಿ ಅಜ್ಜಿಯೂ ಅತ್ತಿದ್ದರಂತೆ. ಆ ಹುಡುಗಿ ಹೊಸಲು ದಾಟುವ ಮುನ್ನ ತನ್ನ ಚಪ್ಪಲಿಯನ್ನು ಅಮ್ಮನ ಚಪ್ಪಲಿಯ ಪಕ್ಕದಿಂದ ಎತ್ತಿಕೊಳ್ಳುತ್ತಾಳೆ, ಮಾತೇ ಇಲ್ಲ. ಹಾಗೆ ಬರೆಯಬಲ್ಲವರು ಅಲ್ಲಿದ್ದರು. ಆದರೆ ವಾರದಲ್ಲಿ ಐದಾರು ದಿನ, ಜಾಹೀರಾತು ಕಳೆದು ದಿನಕ್ಕೆ 22 ನಿಮಿಷದ ಆಸುಪಾಸಿನ ಕಥೆಯನ್ನು ವರ್ಷಗಟ್ಟಲೆ ಹೊಂದಿಸಬೇಕು. ಗುರುವಾರ ನೋಡುಗರ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯಿಂದ ಟಿ.ಆರ್.ಪಿ. ಬಂದ ಮೇಲೆ, ಯಾವ ಜಗಳಕ್ಕೆ ಅಂಕ ಏರಿತೋ ಆ ಜಗಳವನ್ನೇ ಎಳೆಯಬೇಕು. ಹೀಗೆ ಹುಡುಗಿಯ ನೌಕರಿ ಮರೆತುಹೋಯಿತು, ಗಾರ್ಮೆಂಟ್ಸ್ ಮರೆತುಹೋಯಿತು, ಎಲ್ಲರೂ ಒಂದು ದೊಡ್ಡ ಬಂಗಲೆಯೊಳಗೆ ಸೇರಿ ಹಾಲಿಗೆ ವಿಷ ಬೆರೆಸಲು ಕುಳಿತರು. ಪಕ್ಕದ ಧಾರಾವಾಹಿಯವರನ್ನೂ ಕರೆತಂದು ‘ಮಹಾಸಂಗಮ’ ಎಂದು ವಾರವಿಡೀ ಗಂಟೆಗಟ್ಟಲೆ ತೋರಿಸಿದಾಗಲೇ ನಾನು ಬಿಟ್ಟೆ. ಅಜ್ಜಿ ನನಗಿಂತ ತಾಳ್ಮೆಯವರು.

ಅವರು ಯಾಕೆ ಬಿಟ್ಟರೆಂದು ಹೋದ ವಾರ ನಾನೇ ಕೇಳಿದೆ. ಉತ್ತರವನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ಶಿವಣ್ಣ ಮಾವನಿಗೂ ತೋರಿಸಿ. “ಏನವ್ವ ನೋಡಾದು ಅದ್ನ? ಸತ್ತೋನು ಬ್ಯಾರೆ ಮಕ ಇಕ್ಕಂಡ್ ಬತ್ತಾನೆ, ಕಟ್ಕಂಡೋಳಿಗೆ ಗೊತ್ತಾಗಕ್ಕಿಲ್ವಂತೆ, ಮನೆ ನಾಯಿಗೆ ಗೊತ್ತಾಯ್ತದಂತೆ!” ಹಿರಿಯ ಸೊಸೆ ಬಸುರಿಯೆಂದು ಹೇಳಿದ ಮೇಲೆ ನಮ್ಮ ಗೌರಿ ಹಸು ಕರು ಹಾಕಿ, ಆ ಕರುವೂ ಕಡಸಾಯಿತು, ಇವಳಿಗಿನ್ನೂ ದಿನ ತುಂಬಿಲ್ಲವೆಂದರು. ಪಾಲುಪತ್ರಕ್ಕೆ ತಂಗಿ ರುಜು ಹಾಕಿದ್ದು ಆಷಾಢದಲ್ಲಿ, ದಸರೆಯ ಹೊತ್ತಿಗೆ ಅವಳು ರುಜುವೇ ಹಾಕಿಲ್ಲವೆಂದು ಅಳುತ್ತಾಳೆ, ಪಹಣಿ ತೆಗೆಸಿ ನೋಡೋಣವೆಂದು ಮನೆಯ ಒಬ್ಬ ಗಂಡಸಿಗೂ ತೋಚುವುದಿಲ್ಲ ಎಂದೂ ಹೇಳಿದರು. ಆಷಾಢದ ಸಂಚಿಕೆಯನ್ನು ದಸರೆಯಲ್ಲಿ ನೆನಪಿಟ್ಟುಕೊಂಡು ತಾಳೆ ನೋಡುವವರಿಗೆ ಅರಳು ಮರಳೇ? ಕಥೆ ಬರೆಯುವವರಿಗೇ ಆ ರುಜು ನೆನಪಿರಲಿಲ್ಲವಲ್ಲ!

ಇಲ್ಲಿಯೂ ಹೀಗೆಯೇ, ನಮ್ಮವರೇ ಕೆಟ್ಟವರೆಂದು ತಿಳಿಯಬೇಡಿ. ನಾನಿರುವ ಈ ಊರಿನ ‘ಕಾರನೇಷನ್ ಸ್ಟ್ರೀಟ್’ ಎಂಬ ಧಾರಾವಾಹಿ 1960ರ ಡಿಸೆಂಬರ್ 9ರಂದು ಶುರುವಾದದ್ದು ಇನ್ನೂ ಮುಗಿದಿಲ್ಲ. ಮೊದಲ ಸಂಚಿಕೆಯಲ್ಲಿ ಕಾಲೇಜು ಹುಡುಗನಾಗಿದ್ದ ಪಾತ್ರವನ್ನು ವಿಲಿಯಂ ರೋಚ್ ಎಂಬ ನಟರೊಬ್ಬರೇ ತೊಂಬತ್ತು ದಾಟಿದ ಮೇಲೂ ಮಾಡುತ್ತಿದ್ದರು; ನಮ್ಮಲ್ಲಿ ‘ಇನ್ನು ಮುಂದೆ ಈ ಪಾತ್ರವನ್ನು ಇವರು ನಿರ್ವಹಿಸಲಿದ್ದಾರೆ’ ಎಂಬ ಒಂದು ಸಾಲು ಹಾಕಿ ಮುಗಿಸುತ್ತಾರೆ. ಇಲ್ಲಿ ಟಿ.ವಿ. ನೋಡಲು ಲೈಸೆನ್ಸ್ ಬೇಕು, ತಮಾಷೆಯಲ್ಲ. 2025ರ ಏಪ್ರಿಲ್‌ನಲ್ಲಿ ಅದನ್ನು ವರ್ಷಕ್ಕೆ 174.50 ಪೌಂಡ್‌ಗೆ ಏರಿಸಿದರು, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಹತ್ತಿರ. ಕಪ್ಪು ಬಿಳುಪು ಟಿ.ವಿ. ಇಟ್ಟುಕೊಂಡವರಿಗೆ ಬೇರೆ, ಕಡಿಮೆ ದರವೂ ಉಂಟು. ತಾತ ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸಿಗೆ ದುಡ್ಡು ಕಟ್ಟುತ್ತಿದ್ದ ಕಥೆಯನ್ನು ನಾನು ಹೇಳಿದಾಗ ಪಕ್ಕದ ಮನೆಯ ಅಜ್ಜಿಗೆ ಬಹಳ ಸಂತೋಷವಾಯಿತು. ಜನಪ್ರಿಯ ಕಾರ್ಯಕ್ರಮ ಮುಗಿದ ಕೂಡಲೇ ದೇಶವೆಲ್ಲ ಎದ್ದು ಚಹಾಕ್ಕೆ ನೀರು ಕಾಯಿಸುತ್ತದೆಂದು ವಿದ್ಯುತ್ತಿನವರು ಮೊದಲೇ ಸಿದ್ಧರಾಗಿರುತ್ತಾರಂತೆ. 1990ರ ಜುಲೈ 4ರ ಫುಟ್‌ಬಾಲ್ ಸೆಮಿಫೈನಲ್ ಮುಗಿದಾಗ ಬೇಡಿಕೆ ಒಮ್ಮೆಗೇ 2800 ಮೆಗಾವಾಟ್ ಜಿಗಿದಿತ್ತೆಂದು ಆ ಅಜ್ಜಿ ಹೆಮ್ಮೆಯಿಂದ ಹೇಳಿದರು. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತೆಂದು ನಾನೂ ಬಿಡದೆ ಹೇಳಿದೆ. ಗಣಿ ಆಗ ಯಾರ ಕೈಯಲ್ಲಿತ್ತೆಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈ ಪಕ್ಕದ ಮನೆಯ ಅಜ್ಜಿಯೂ ‘ಕಾರನೇಷನ್ ಸ್ಟ್ರೀಟ್’ ಅನ್ನು ಮದುವೆಗೆ ಮುಂಚಿನಿಂದ ನೋಡಿದವರು, ಈಗ ಬಿಟ್ಟಿದ್ದಾರೆ. ಒಂದೇ ಬೀದಿಯಲ್ಲಿ ಇಷ್ಟು ಕೊಲೆ ನಡೆದರೆ ಯಾರಾದರೂ ಅಲ್ಲಿ ಬಾಡಿಗೆಗೆ ಬರುತ್ತಾರೆಯೇ ಎಂಬುದು ಅವರ ಪ್ರಶ್ನೆ. ಅವರ ಮಕ್ಕಳು ಯಾರೂ ಇದಕ್ಕಾಗಿ ಅವರನ್ನು ಡಾಕ್ಟರ ಬಳಿಗೆ ಕರೆದೊಯ್ಯಲಿಲ್ಲ.

ಅಪ್ಪ, ಇಷ್ಟು ವಾದ ಮಾಡಿದ ಮೇಲೆ ನನ್ನನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಅಂದು ಮಾತಿನ ಕೊನೆಯಲ್ಲಿ ಅಜ್ಜಿ ಇನ್ನೊಂದನ್ನು ಹಾಗೆಯೇ ತೇಲಿಸಿ ಹೇಳಿದರು: “ಅವ್ರ ಮಕ ಎಲ್ಲಾ ಒಂದೇ ತರ ಮಂಜ್ ಮಂಜಾಗ್ ಕಾಣ್ತವೆ ಕಣವ್ವ, ಯಾರಾದ್ರೆ ನಂಗೇನು.” ರಾತ್ರಿ ಬೀದಿದೀಪದ ಸುತ್ತ ಬಳೆಯಂತೆ ಕಾಣುತ್ತದೆ ಎಂದೂ ಅಂದರು. ಗೌರಿ ಹಬ್ಬಕ್ಕೆ ತಂದ ಅರಿಶಿನ ಬಣ್ಣದ ಹೊಸ ಸೀರೆಯನ್ನು ಮಾಸಲು ಸೀರೆಯೆಂದು ಮೂಲೆಗೆ ಇಟ್ಟಿದ್ದಾರೆಂದು ಅಮ್ಮ ಹಿಂದೆ ನಗುತ್ತಾ ಹೇಳಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಈಗೀಗ ಮೊರದ ಮೇಲೆ ಕಣ್ಣಿಡದೆ ಬೆರಳಿನಿಂದಲೇ ತಡವುತ್ತಾರೆಂದು ರವಿ ಹೇಳಿದ್ದ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಅರಳು ಮರಳಲ್ಲ, ಕಣ್ಣಿನ ಪೊರೆ. ನಾನು ಡಾಕ್ಟರಲ್ಲ, ನಿಜ. ಆದರೆ ಮಸುಕು, ದೀಪದ ಸುತ್ತ ಬಳೆ, ಬಣ್ಣ ಮಂಕಾಗುವುದು, ಮೂರೂ ಪೊರೆಯಲ್ಲಿ ಸಾಮಾನ್ಯವೆಂಬುದು ಎಲ್ಲರಿಗೂ ಗೊತ್ತಿರುವುದೇ. ಜೊತೆಗೆ ಅವರಿಗೆ ಸಕ್ಕರೆ ಕಾಯಿಲೆ ಬೇರೆ ಇರುವುದರಿಂದ ಕಣ್ಣಿನ ಹಿಂದಿನ ಪರದೆಯನ್ನೂ ನೋಡಿಸಲೇಬೇಕು. ಹಿತ್ತಲ ಮೆಟ್ಟಿಲನ್ನು ನೆನೆದರೆ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆ ಬಚ್ಚಲಿನ ಬಳಿ ಇಂದೇ ಒಂದು ಬಲ್ಬು ಹಾಕಿಸಿ.

‘ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಹಳೆಯ ಕಾಲದ ಶಸ್ತ್ರಚಿಕಿತ್ಸೆಗೆ ಹೇಳುತ್ತಿದ್ದ ಮಾತು. ಈಗ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟಾದರೆ ತೆಗೆಯುತ್ತಾರೆ, ಬಲಿತು ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ. ಪೊರೆ ಕರಗಿಸುವ ತೊಟ್ಟು ಔಷಧಿ ಎಂಬುದು ಇಲ್ಲ, ಆದ್ದರಿಂದ ಪೇಟೆ ಬೀದಿಯ ಯಾವ ಬಾಟಲಿಯನ್ನೂ ತಂದು ಬಿಡಬೇಡಿ. ಹೆದರುವಂಥದ್ದು ಏನೂ ಇಲ್ಲ. ಹಳೆಯ ಮಸೂರ ತೆಗೆದು ಕೃತಕ ಲೆನ್ಸ್ ಕೂರಿಸುವ ವಿದ್ಯೆ ಹುಟ್ಟಿದ್ದೇ ಈ ದೇಶದಲ್ಲಿ. ಯುದ್ಧದಲ್ಲಿ ವಿಮಾನ ಚಾಲಕರ ಕಣ್ಣೊಳಗೆ ಸಿಡಿದು ಉಳಿದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಕಣ್ಣನ್ನು ಕೆರಳಿಸಲಿಲ್ಲವೆಂಬುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ವಸ್ತುವಿನ ಲೆನ್ಸನ್ನು ಮೊದಲ ಬಾರಿಗೆ ಕಣ್ಣಿಗೆ ಹಾಕಿದರು. ಈಗ ಮಡಚಿ ಸಣ್ಣ ರಂಧ್ರದ ಮೂಲಕ ಒಳಗಿಡುವ ಲೆನ್ಸ್ ಬಂದಿದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಜಾಹೀರಾತು ಸೇರಿದ ಒಂದು ಸಂಚಿಕೆಯಷ್ಟು ಹೊತ್ತು.

ಪಕ್ಕದ ಮನೆಯ ಅಜ್ಜಿಗೆ ಪೊರೆ ತೆಗೆದಾಗ ನಾನೇ ಜೊತೆಗೆ ಹೋಗಿದ್ದೆ. ಯಾವ ಕಣ್ಣೆಂದು ತಪ್ಪಬಾರದೆಂದು ಹುಬ್ಬಿನ ಮೇಲೆ ಪೆನ್ನಿನಿಂದ ಬಾಣದ ಗುರುತು ಹಾಕಿದರು. ಹಾಗೆಯೇ ಹಣೆಯ ಮೇಲೆ ಬಾಣ ಹೊತ್ತು ಅವರು ಕುಳಿತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಕಣ್ಣಿಗೆ ಮುಚ್ಚಳ ಹಾಕಿ, ಚಹಾ ಬಿಸ್ಕತ್ತು ಕೊಟ್ಟು ಅಂದೇ ಮನೆಗೆ ಕಳಿಸಿದರು. ಮರುದಿನ ಮುಚ್ಚಳ ತೆಗೆದ ಕೂಡಲೇ ಅವರು ನೋಡಿದ್ದು ಅಡುಗೆಮನೆಯ ಗೋಡೆಯ ಎಣ್ಣೆಕಲೆ. ಇಷ್ಟು ವರ್ಷ ಇದನ್ನು ನನಗೆ ಯಾರೂ ಹೇಳಲಿಲ್ಲವೆಂದು ಮಗಳನ್ನು ಬೈದರು. ಇನ್ನೊಂದು ಮಾತು, ಅವರು ತಮ್ಮ ಧಾರಾವಾಹಿಯನ್ನು ಬಿಟ್ಟದ್ದೂ ಆಮೇಲೆಯೇ, ಎಲ್ಲವೂ ನಿಚ್ಚಳವಾಗಿ ಕಾಣತೊಡಗಿದ ಮೇಲೆ. ಆದ್ದರಿಂದ ಚಿಕಿತ್ಸೆಯಾದ ಮೇಲೆ ಅಜ್ಜಿ ಮತ್ತೆ ಎಂಟು ಗಂಟೆಗೆ ಟಿ.ವಿ. ಮುಂದೆ ಕೂತರೆ ಮಾತ್ರ ವಾಸಿಯಾದಂತೆ ಎಂದು ಮನೆಯಲ್ಲಿ ಯಾರೂ ಲೆಕ್ಕ ಹಾಕಬಾರದು. ಅವರು ಕಥೆ ಬಿಟ್ಟದ್ದಕ್ಕೆ ಕಾರಣ ಕಥೆ. ಮುಖ ಕಾಣದಿರುವುದಕ್ಕೆ ಕಾರಣ ಕಣ್ಣು.

ಮಂಡ್ಯದ ಮಿಮ್ಸ್‌ನಲ್ಲಾದರೂ ಸರಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾದರೂ ಸರಿ, ಈ ವಾರವೇ ತೋರಿಸಿ. ಸಂಕ್ರಾಂತಿ ಕಳೆಯಲಿ, ಕಾರ್ಖಾನೆಯಿಂದ ಕಬ್ಬಿನ ಬಾಕಿ ಬರಲಿ ಎಂದು ಮುಂದೂಡಬೇಡಿ. ಸಕ್ಕರೆ, ಬಿ.ಪಿ. ಹತೋಟಿಯಲ್ಲಿದ್ದರೆ ಮಾತ್ರ ದಿನ ಕೊಡುತ್ತಾರೆ. ಹೋಗುವಾಗ ಅವರ ಮಾತ್ರೆಗಳ ಚೀಟಿಯನ್ನೆಲ್ಲ ಒಯ್ಯಿರಿ. ಆದ ಮೇಲೆ ಕೆಲವು ವಾರ ತೊಟ್ಟು ಔಷಧಿ ಬಿಡಬೇಕು, ಕಣ್ಣಿಗೆ ನೀರು ತಾಗಬಾರದು. ಧನುರ್ಮಾಸದಲ್ಲಿ ತಲೆಗೆ ನೀರು ಹಾಕಿಕೊಳ್ಳದೆ ದೇವಸ್ಥಾನಕ್ಕೆ ಹೇಗೆ ಹೋಗುವುದೆಂದು ಅವರು ಹಟ ಹಿಡಿಯುವುದು ಖಂಡಿತ. ಕಾಳಿಕಾಂಬ ಗುಡಿಯ ಐನೋರಿಂದಲೇ ಒಂದು ಮಾತು ಹೇಳಿಸಿ, ನಿಮ್ಮ ಮಾತಿಗೆ ಬಗ್ಗುವವರಲ್ಲ. ಖರ್ಚಿನ ವಿಚಾರ ತಲೆಗೆ ಹಚ್ಚಿಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆ ಬೇಡವೆನಿಸಿದರೆ ಖಾಸಗಿಯಲ್ಲೇ ಮಾಡಿಸೋಣ, ನಾನು ನಾಳೆಯೇ ಹಣ ಹಾಕುತ್ತೇನೆ. ರವಿಯ ಫೀಸಿಗೆಂದು ಇಟ್ಟಿರುವ ಚೀಟಿ ಹಣವನ್ನು ಮಾತ್ರ ಮುಟ್ಟಬೇಡಿ. ನನಗಿಲ್ಲಿ ಯಾವ ಕೊರತೆಯೂ ಇಲ್ಲ, ಊಟ ತಿಂಡಿ ಸರಿಯಾಗಿದೆ, ಕೋಟು ಹೊಸದು ಕೊಂಡಿದ್ದೇನೆ, ಕೆಲಸ ಗಟ್ಟಿಯಾಗಿದೆ, ನನ್ನ ಬಗ್ಗೆ ಎಳ್ಳಷ್ಟೂ ಯೋಚಿಸಬೇಡಿ. ಅಜ್ಜಿಗೆ ಏನೂ ಆಗಿಲ್ಲ, ಏನೂ ಆಗುವುದೂ ಇಲ್ಲ, ನೀವು ಧೈರ್ಯವಾಗಿರಿ. ಆದರೂ ಡಾಕ್ಟರು ಏನು ಹೇಳಿದರೆಂಬುದನ್ನು ಅದೇ ದಿನ ತಿಳಿಸಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ.

ಸಂಜೆ ಪಾಳಿ ಇದೆ, ಬಸ್ಸಿಗೆ ಹೊತ್ತಾಯಿತು. ಲಕ್ಷ್ಮಕ್ಕನಿಗೆ ಬೇರೆಯಾಗಿ ಬರೆಯುತ್ತೇನೆ. ಅಮ್ಮನಿಗೆ, ಅಜ್ಜಿಗೆ ನಮಸ್ಕಾರ, ರವಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು,
ಸುಮಾ