ಚಾವಣಿಗೆ ಉಳಿದ ಬಣ್ಣ ಸಾಲದು

ಮಾನ್ಯರೇ,

ಗೋಡೆಯ ಬಣ್ಣಕ್ಕಾಗಿ ದಿನಗಟ್ಟಲೆ ಚರ್ಚಿಸುವ ಮನೆಯವರು ಚಾವಣಿಯ ಮಾತು ಬಂದರೆ ‘ಮೇಲೆ ಯಾರು ನೋಡುತ್ತಾರೆ, ಉಳಿದ ಬಿಳಿಯನ್ನು ಬಳಿದುಬಿಡಿ’ ಎನ್ನುತ್ತಾರೆ. ಬಣ್ಣ ಬಳಿಯುವುದೇ ಕಸುಬಾದ ನನಗೆ ಇದನ್ನು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಕಿಟಕಿಯಿಂದ ಬಂದ ಬೆಳಕನ್ನು ಕೋಣೆಗೆಲ್ಲ ಹಂಚುವುದೇ ಚಾವಣಿ.

ಅಲ್ಲಿಗೆ ಹೊಳಪಿಲ್ಲದ ಮ್ಯಾಟ್ ಎಮಲ್ಷನ್ (ನೀರು ಬೆರೆಸಿ ಬಳಿಯುವ ಬಣ್ಣ) ಸರಿ. ಹೊಳಪಿನ ಬಣ್ಣದ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಗಾರೆಯ ಉಬ್ಬುತಗ್ಗು, ಪುಟ್ಟಿಯ ತೇಪೆ ಎಲ್ಲವೂ ಎದ್ದು ಕಾಣುತ್ತವೆ. ಅಡುಗೆಮನೆ, ಬಚ್ಚಲುಮನೆಗೆ ಮಾತ್ರ ಹಬೆ ತಾಳುವ, ಬೂಷ್ಟು ತಡೆಯುವ, ಒರೆಸಬಹುದಾದ ಬಣ್ಣ ಬೇಕು.

ನೀರು ಸೋರಿದ ಕಂದು ಕಲೆಯ ಮೇಲೆ ನೇರವಾಗಿ ಬಣ್ಣ ಬಳಿಸುವುದಂತೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಎಮಲ್ಷನ್‌ನಲ್ಲಿರುವ ನೀರಿಗೆ ಕಲೆ ಕರಗಿ ಮತ್ತೆ ಮೇಲಕ್ಕೆ ಬರುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಚೆನ್ನಾಗಿ ಒಣಗಲು ಬಿಟ್ಟು, ಬಣ್ಣಕ್ಕೆ ಮುಂಚೆ ಕಲೆ ತಡೆಯುವ ಪ್ರೈಮರ್‌ನ ತಳಪದರ ಹಾಕಬೇಕು. ಹಳೆಯ ಸುಣ್ಣ ಕೈಗೆ ಪುಡಿಯಾಗಿ ಹತ್ತುತ್ತಿದ್ದರೆ ಪೂರ್ತಿ ಕೆರೆದು ತೆಗೆಯದೆ ಗತಿಯಿಲ್ಲ.

ಅಂಚುಗಳನ್ನು ಬ್ರಷ್‌ನಲ್ಲಿ ಬಳಿದು, ಅವು ಹಸಿಯಾಗಿರುವಾಗಲೇ ರೋಲರ್ ಹಿಡಿಯಬೇಕು. ಆಗ ಫ್ಯಾನ್ ಹಾಕಿದರೆ ಅಂಚು ಬೇಗ ಒಣಗಿ ಪಟ್ಟೆ ಉಳಿಯುತ್ತದೆ. ಕಡೆಯ ಕೋಟನ್ನು ಕಿಟಕಿಯ ಕಡೆಯಿಂದ ಒಳಮುಖವಾಗಿ ಎಳೆಯುವುದು ಒಳ್ಳೆಯದು.

ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸುವವರನ್ನು ಮನೆಯವರು ಅಲ್ಲಿಯೇ ನಿಂತು ಪ್ರಶ್ನಿಸಲಿ. ತೆಳುವಾದ ಬಣ್ಣ ತಲೆಯ ಮೇಲೆ ತೊಟ್ಟಿಕ್ಕುತ್ತದೆ, ಕೆಳಗಿನ ಪದರವನ್ನು ಮುಚ್ಚುವುದೂ ಇಲ್ಲ.

– ಒಬ್ಬ ಪೇಂಟರ್